ಬಾಯಿ ಮುಚ್ಚಿದ ಬಳಚು

ನಮ್ಮ ಊರಲ್ಲಿ ಹಣ ಸಾಯುತ್ತಿತ್ತು. ಇವತ್ತು ಬೆಳಿಗ್ಗೆ ಕೈಗೆ ಬಂದದ್ದು ನಾಳೆ ಸಂಜೆಗೆ ಬಾಯಿ ಬಿಡುತ್ತಿತ್ತು. ಬಾಯಿ ಬಿಟ್ಟ ಹಣವನ್ನು ಕಾಗೆ ಬಿಟ್ಟರೆ ಇನ್ಯಾರೂ ಮುಟ್ಟುತ್ತಿರಲಿಲ್ಲ. ಹಾಗಾಗಿ ಅದು ಸಾಯುವ ಮೊದಲು ಏನಾದರೂ ಕೊಂಡುಬಿಡಬೇಕು, ಇಲ್ಲವಾದರೆ ಬೇಯಿಸಿ ತಿಂದುಬಿಡಬೇಕು. ಇವೆರಡೇ ದಾರಿ. ಯಾಕೆ ಹೀಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಹಣ ಅಂದರೆ ಹಾಗೆಯೇ ಅಂತ ನಾವು ತಿಳಿದಿದ್ದೆವು.

ಬಳಚು ಅಂದರೆ ನಿಮ್ಮ ಕಡೆ ಏನನ್ನುತ್ತಾರೋ ನನಗೆ ಗೊತ್ತಿಲ್ಲ. ಹೊಳೆ ಕಡಲಿಗೆ ಸೇರುವಲ್ಲಿ, ಇಳಿತದ ಹೊತ್ತಿಗೆ ನೀರು ಸರಿದು ಕೆಸರಿನ ದಿಬ್ಬವೊಂದು ಮೇಲೇಳುತ್ತದೆ. ಆ ಕೆಸರಿನೊಳಗೆ ಕೈ ಹಾಕಿದರೆ ಸಿಗುವ ಕಪ್ಪು ಚಿಪ್ಪು ಅದು. ಎರಡು ಚಿಪ್ಪಿನ ನಡುವೆ ಹೆಬ್ಬೆರಳಿನ ತುದಿಯಷ್ಟು ಮಾಂಸ. ಅದೇ ನಮಗೆ ದುಡ್ಡು, ಅದೇ ನಮಗೆ ಸಾರು. ಎರಡಕ್ಕೂ ಒಂದೇ ಹೆಸರು. ಅಕ್ಕಿ ಕೊಳ್ಳಲು ಹೊರಟವಳೂ ಬಳಚು ತಗೊಂಡು ಹೊರಟೆ ಅನ್ನುತ್ತಿದ್ದಳು, ಒಲೆಯ ಮೇಲೆ ಪಾತ್ರೆ ಇಟ್ಟವಳೂ ಬಳಚು ಇಟ್ಟಿದ್ದೇನೆ ಅನ್ನುತ್ತಿದ್ದಳು. ಯಾರಿಗೂ ಗೊಂದಲವಾದದ್ದು ನಾನು ಕಂಡಿಲ್ಲ.

ಎಲ್ಲರೂ ಸೊಂಟಕ್ಕೆ ಒದ್ದೆ ಬಟ್ಟೆಯ ಚೀಲ ಕಟ್ಟಿಕೊಳ್ಳುತ್ತಿದ್ದೆವು. ಊರಿನ ಮುದುಕರಿಗೆಲ್ಲ ಎಡಗಡೆಯ ಸೊಂಟ ಹಿಡಿದುಕೊಂಡಿರುತ್ತಿತ್ತು, ನನಗೆ ಈಗಲೂ ಹಾಗೇ. ಹೆಣ್ಣು ಕೊಡುವವರು ಹುಡುಗ ದುಡಿಯುತ್ತಾನಾ ಅಂತ ಕೇಳುತ್ತಿರಲಿಲ್ಲ, ಸೊಂಟ ಒದ್ದೆ ಇದೆಯಾ ಅಂತ ಕೇಳುತ್ತಿದ್ದರು. ಕೊಡುವಾಗ ತಟ್ಟಿ ಕೊಡಬೇಕು, ಅದು ನಿಯಮ. ಒಂದು ಚಿಪ್ಪನ್ನು ಇನ್ನೊಂದಕ್ಕೆ ತಟ್ಟಿದರೆ ಜೀವ ಇರುವಂಥದ್ದು ಟಕ್ ಅಂತ ಬಾಯಿ ಬಿಗಿ ಮಾಡುತ್ತದೆ. ಬಾಯಿ ಮುಚ್ಚಿದರೆ ಸಾಚಾ, ಮುಚ್ಚದಿದ್ದರೆ ಬೀದಿಗೆ. ತಟ್ಟದೆ ಕೊಡುವುದು ಎದುರಿಗಿರುವವರಿಗೆ ಅವಮಾನ. ತಟ್ಟಿದ ಮೇಲೂ ಅನುಮಾನದಿಂದ ನೋಡುವುದು ಅದಕ್ಕಿಂತ ದೊಡ್ಡ ಅವಮಾನ.

ಇಂಥ ಊರಲ್ಲಿ ಸಾಹುಕಾರ ಆಗುವುದು ಹೇಗೆ? ನನ್ನ ಮಾವ ದೋಣಿ ದಾಟಿಸುತ್ತಿದ್ದರು. ಸಂತೆಯ ದಿನ ಅವರ ಚೀಲ ಎಷ್ಟು ಭಾರ ಆಗುತ್ತಿತ್ತೆಂದರೆ ಒಂದು ಕಡೆಗೆ ವಾಲಿಕೊಂಡೇ ಮನೆಗೆ ಬರುತ್ತಿದ್ದರು. ಬಂದವರೇ ಜಗುಲಿಯಲ್ಲಿ ನಿಂತು ಕೇರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. "ಬನ್ನಿರೋ, ನನ್ನ ದುಡ್ಡು ಸಾಯ್ತಾ ಇದೆ." ಕೇರಿಯವರು ತಟ್ಟೆ ಹಿಡಿದುಕೊಂಡು ಬರುತ್ತಿದ್ದರು. ಮಾರನೇ ವಾರ ಇನ್ಯಾರದೋ ದುಡ್ಡು ಸಾಯುತ್ತಿತ್ತು, ನಾವು ತಟ್ಟೆ ಹಿಡಿದುಕೊಂಡು ಹೋಗುತ್ತಿದ್ದೆವು.

ಬಳಚು ಅನ್ನುವ ಹೆಸರು ಹೇಗೆ ಬಂತು ಅಂತ ನನ್ನ ಅತ್ತೆ ಬೊಮ್ಮಕ್ಕ ಹೇಳುತ್ತಿದ್ದರು. ಹಿಂದೆ ಒಬ್ಬಳು ಹೆಂಗಸು ಮಕ್ಕಳಿಗೆ ಬಡಿಸಿ ಬಡಿಸಿ, ಕೊನೆಗೆ ತನಗೇನೂ ಉಳಿಯದೆ ಗಡಿಗೆಯ ತಳವನ್ನು ಬೆರಳಿನಲ್ಲಿ ಬಳಿದಳಂತೆ. ಬಳಿದು ಬಳಿದು ಗಡಿಗೆಯೇ ತೂತಾಯಿತು. ತೂತಾದ ಗಡಿಗೆ ತಗೊಂಡು ಹೊಳೆಗೆ ಹೋದಳು, ಅದೇ ಬೆರಳಿನಿಂದ ಕೆಸರನ್ನೂ ಬಳಿದಳು, ಆಗ ಇದು ಕೈಗೆ ಸಿಕ್ಕಿತು. ಬಳಿದು ಸಿಕ್ಕಿದ್ದು ಬಳಚು. ಆಮೇಲೆ ಪಕ್ಕದ ಮನೆಯವಳು ಒಂದು ಬೊಗಸೆ ಅಕ್ಕಿ ತಂದು, ನನಗೂ ಒಂದು ಹಿಡಿ ಕೊಡೇ ಅಂದಳಂತೆ. ಹಾಗೆ ಅದು ದುಡ್ಡಾಯಿತು. "ಮೊದಲು ಹೊಟ್ಟೆಗೆ ಬಂತು, ಆಮೇಲೆ ಸೊಂಟಕ್ಕೆ ಬಂತು" ಅನ್ನುತ್ತಿದ್ದರು ಅತ್ತೆ. ದೋಣಿಯವರು ಬೇರೆ ಹೇಳುತ್ತಿದ್ದರು, ಬಳಿಯಲ್ಲೇ ಸಿಗುವುದರಿಂದ ಬಳಚು ಅಂತ. ಕ್ಷೌರದ ಈರ ಇನ್ನೊಂದು ಹೇಳುತ್ತಿದ್ದ, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಒಂದು ಮಾತಿಗೆ ಎಷ್ಟು ಹುಟ್ಟಿದ್ದರೇನು, ಸಾರಿನ ರುಚಿ ಒಂದೇ ಅಂತ ನಕ್ಕು ಸುಮ್ಮನಾಗುತ್ತಿದ್ದೆವು. ಅದಕ್ಕಾಗಿ ಯಾರೂ ಬೇಲಿ ಹಾಕಿರಲಿಲ್ಲ.

ಇನ್ನೊಂದು ಪದ್ಧತಿ ಹೇಳಬೇಕು, ಯಾಕೆಂದರೆ ಎಲ್ಲವೂ ಅಲ್ಲಿಂದಲೇ ಎದ್ದದ್ದು. ಯಾವ ಮನೆಯಲ್ಲಿ ಹೆರಿಗೆಯಾದರೂ ಆ ಮನೆಯ ಹಿರಿಯ ಹೆಂಗಸು ಗಡಿಗೆ ಹಿಡಿದು ಕೇರಿ ಸುತ್ತುತ್ತಾಳೆ. ಪ್ರತಿ ಮನೆಯವರೂ ಒಂದು ಬಳಚನ್ನು ಗಡಿಗೆಯ ಅಂಚಿಗೆ ತಟ್ಟಿ, ಬಾಯಿ ಮುಚ್ಚಿದ್ದು ನೋಡಿ, ಒಳಗೆ ಹಾಕುತ್ತಾರೆ. ಒಂದೇ. ಉಳ್ಳವರೂ ಒಂದೇ, ಇಲ್ಲದವರೂ ಒಂದೇ. ಮಾತು ಬಿಟ್ಟವರ ಮನೆಯಿಂದಲೂ ಒಂದು. ಅದಕ್ಕೆ ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸಿ ಬಾಣಂತಿಗೆ ಕುಡಿಸುತ್ತೇವೆ. ಕೇರಿಸಾರು ಅಂತ ಅದರ ಹೆಸರು. ಕುಡಿದ ಮಾರನೇ ದಿನ ಎದೆಯಲ್ಲಿ ಹಾಲು ಬಿಗಿಯುತ್ತಿತ್ತು. ನನಗೂ ಹಾಗೇ ಬಿಗಿದಿತ್ತು, ಮಗ ಗೋಯ್ದ ಹುಟ್ಟಿದಾಗ.

ಕೊಳ ತೋಡಿಸಿದವನು ಜಟ್ಟಪ್ಪ ಒಡೆಯ. ಅವನ ಮನೆಯವರು ಮೊದಲು ಉಪ್ಪು ಮಾಡುತ್ತಿದ್ದರು. ಹಿತ್ತಲಲ್ಲಿ ದೊಡ್ಡದೊಂದು ಕೊಳ, ಅದಕ್ಕೆ ಹೊಳೆಯ ನೀರು ಬಿಡುವ ಹಲಗೆಬಾಗಿಲು. ಕಟ್ಟಿಸುವಾಗ ನಾವು ನಕ್ಕೆವು. ಕಟ್ಟಿ ಆದಮೇಲೆ ಅವನು ಚಾವಡಿಯಲ್ಲಿ ಹೇಳಿದ. ನಿಮ್ಮ ದುಡ್ಡನ್ನು ನನ್ನ ಕೊಳದಲ್ಲಿ ಬಿಡಿ, ಅದು ಸಾಯುವುದಿಲ್ಲ. ಬೇಕಾದಾಗ ಬನ್ನಿ, ಜೀವ ಇರುವ ದುಡ್ಡನ್ನೇ ಕೊಡುತ್ತೇನೆ, ನಾಲ್ಕರಲ್ಲಿ ಒಂದು ಮಾತ್ರ ನನ್ನ ಕೂಲಿ.

ಗೋಯ್ದ ಮನೆಗೆ ಬಂದವನೇ, "ಅಮ್ಮ, ಇನ್ನು ದುಡ್ಡು ಕೂಡಿಡಬಹುದು" ಅಂದ.

"ಕೂಡಿಟ್ಟು?" ಅಂದೆ.

"ಕೂಡಿಟ್ಟು ಅಂದರೆ… ಇಟ್ಟಿರುವುದು."

ನಾವೂ ಇಟ್ಟೆವು. ಊರೆಲ್ಲ ಇಟ್ಟಿತು. ಇಡುತ್ತ ಇಡುತ್ತ ತಿನ್ನುವುದು ಕಡಿಮೆಯಾಯಿತು. ಒಲೆಯ ಮೇಲೆ ಚಿಪ್ಪು ಕುದಿಯುವ ಸದ್ದು ಕೇಳಿದರೆ ಪಕ್ಕದ ಮನೆಯವರು ಇಣುಕುತ್ತಿದ್ದರು. "ಅವರ ಮನೆಯಲ್ಲಿ ನಿನ್ನೆ ಸಾರಂತೆ ಮಾರಾಯ್ತಿ, ದುಡ್ಡು ಹೆಚ್ಚಾಗಿರಬೇಕು." ಮಕ್ಕಳು ಬಳಚು ಬೇಕು ಅಂತ ಅತ್ತರೆ ತಾಯಂದಿರು ಬಾಯಿಗೆ ಹೊಡೆಯುತ್ತಿದ್ದರು. "ನನ್ನ ದುಡ್ಡು ಸಾಯ್ತಾ ಇದೆ" ಅಂತ ಕೂಗುವವರು ಯಾರೂ ಉಳಿಯಲಿಲ್ಲ. ಊಟದ ಹೊತ್ತಿಗೆ ಕೇರಿ ಅಷ್ಟು ಮೌನವಾದದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ.

ಆಮೇಲೆ ಬಂದದ್ದು ಕಲ್ಲು. ಶಾಲೆಯ ತಿಮ್ಮರಸಯ್ಯ ಹಳೆಯ ಓಲೆಗಳನ್ನೆಲ್ಲ ನೋಡಿ ಬಳಚು ಅನ್ನುವ ಮಾತಿನ ಮೂಲ ಕಂಡುಹಿಡಿದರಂತೆ. ಅದನ್ನು ಒಡೆಯ ಕಲ್ಲಿನಲ್ಲಿ ಕೆತ್ತಿಸಿ, ಹೊಳೆಗೆ ಇಳಿಯುವ ದಾರಿಯಲ್ಲಿ ನೆಡಿಸಿದ. ನಾನು ಶಾಲೆಗೆ ಹೋದದ್ದು ಅಕ್ಷರ ಮುಗಿದು ಕಾಗುಣಿತ ಶುರುವಾಗುವ ತನಕ. ಆದರೂ ಕೂಡಿಸಿ ಕೂಡಿಸಿ ಓದಿದೆ. "ಬಳಸುವುದರಿಂದ ಬಳಚು. ಬಳಚು ಎಂದರೆ ನಾಣ್ಯ. ತಿನ್ನತಕ್ಕದ್ದಲ್ಲ." ಓದಿ ಮುಗಿಸಿದ ಮೇಲೆ ಇನ್ನೊಂದು ಸಲ ಓದಿದೆ, ತಪ್ಪಿ ಓದಿದೆನೇನೋ ಅಂತ. ತಪ್ಪಿರಲಿಲ್ಲ. ಪಕ್ಕದ ಮನೆಯ ಸಣ್ಣಿ ನನ್ನ ಹಿಂದೆಯೇ ನಿಂತಿದ್ದಳು.

"ಏನಂತೆ ಸೋಮಕ್ಕ?" ಅಂದಳು.

"ನಾವು ಇಷ್ಟು ವರ್ಷ ತಿಂದದ್ದು ತಪ್ಪಂತೆ."

"ಹಾಗಾದರೆ ಅದನ್ನು ವಾಪಸು ಕೊಡಬೇಕಾ?" ಅಂದಳು ಸಣ್ಣಿ. "ನಾನು ಈಗ ತಯಾರಿದ್ದೇನೆ, ಬೆಳಿಗ್ಗೆಯಿಂದ ಹೊಟ್ಟೆ ಸರಿ ಇಲ್ಲ."

ನಕ್ಕೆವು. ಆ ದಿನ ನಗುವುದಕ್ಕೆ ಬರುತ್ತಿತ್ತು.

ಕಲ್ಲಿನ ಹಿಂದೆಯೇ ಬೇಲಿ ಬಂತು. ನಾಣ್ಯ ಹುಟ್ಟುವ ಜಾಗ ಅಂದರೆ ಟಂಕಸಾಲೆ, ಟಂಕಸಾಲೆಗೆ ಕಂಡವರೆಲ್ಲ ಕೈ ಹಾಕುವ ಹಾಗಿಲ್ಲ ಅಂತ ಒಡೆಯ ದಿಬ್ಬದ ಸುತ್ತ ಬಿದಿರಿನ ಬೇಲಿ ಹಾಕಿಸಿದ. ಹೊಳೆ ತನಗೆ ಬೇಕಾದಾಗ ಏಳಿಸಿ, ಬೇಕಾದಾಗ ಮುಳುಗಿಸುವ ದಿಬ್ಬಕ್ಕೆ ಬೇಲಿ. ನೋಡಿದಾಗಲೆಲ್ಲ ಅದನ್ನು ಕಿತ್ತುಬಿಡಬೇಕು ಅನ್ನಿಸುತ್ತಿತ್ತು. ಆದರೆ ನಾನು ಮಾತು ಕಡಿಮೆಯವಳು. ಸೋಮಕ್ಕನ ಬಾಯಿ ಒಳ್ಳೇ ಬಳಚಿನ ಹಾಗೆ, ತಟ್ಟಿದರೆ ಇನ್ನೂ ಬಿಗಿಯಾಗುತ್ತದೆ ಅಂತ ಕೇರಿಯಲ್ಲಿ ಹೊಗಳುತ್ತಿದ್ದರು. ಅದು ಹೊಗಳಿಕೆ ಅಂತಲೇ ನಾನೂ ತಿಳಿದಿದ್ದೆ.

ಮೊದಲು ತಮಗಾಗಿ ಬಳಿಯುತ್ತಿದ್ದ ಹೆಂಗಸರೇ ಈಗ ಕೂಲಿಗೆ ಬಳಿಯಬೇಕಾಯಿತು. ಹೊಸ ಬಳಚು ಬುಟ್ಟಿ ಬುಟ್ಟಿ ನೇರ ಕೊಳಕ್ಕೆ ಹೋಗುತ್ತಿತ್ತು. ಕೊಳದಲ್ಲಿ ಹಳೆಯದಾದದ್ದು ಕೂಲಿಯಾಗಿ ಹೊರಗೆ ಬರುತ್ತಿತ್ತು. ಬೇಲಿಯ ಬಾಗಿಲಲ್ಲಿ ಕಾವಲಿಗೆ ನಿಂತವನು ಬೀರ, ನನ್ನ ಮೈದುನನ ಮಗ. ಕೆಲಸ ಬಿಟ್ಟು ಹೊರಡುವಾಗ ಹೆಂಗಸರು ಅವನ ಎದುರು ಸಾಲಾಗಿ ನಿಂತು ಸೆರಗು ಕೊಡವಿ, ಬಾಯಿ ತೆರೆದು ತೋರಿಸಬೇಕು. ಹಸಿಯಾಗಿಯೇ ಯಾರಾದರೂ ತಿಂದಿದ್ದಾರಾ ಅಂತ ನೋಡುವುದಕ್ಕೆ. ನಮ್ಮ ಊರಲ್ಲಿ ಹೆಂಗಸರು ಬಾಯಿ ತೆರೆಯಬೇಕಾಗಿದ್ದ ಜಾಗ ಅದೊಂದೇ.

ನನ್ನ ಸೊಸೆ ಕುಸಲಿ ಬಸುರಿಯಾಗಿದ್ದಾಗಲೂ ಹೋಗುತ್ತಿದ್ದಳು. ಒಂದು ದಿನ ಬಾಯಿ ತೆರೆದು ತೋರಿಸಿ, "ಹೊಟ್ಟೆ ಇಷ್ಟು ಉಬ್ಬಿದೆಯಲ್ಲ, ಅದರೊಳಗೂ ನೋಡ್ತೀಯಾ ಬೀರಣ್ಣ?" ಅಂದಳಂತೆ. ಸಾಲಲ್ಲಿದ್ದವರೆಲ್ಲ ನಕ್ಕರಂತೆ. ಬೀರ ತಲೆ ತಗ್ಗಿಸಿದನಂತೆ. ಮನೆಗೆ ಬಂದು ಅದನ್ನು ಹೇಳುತ್ತ ಹೇಳುತ್ತ ಕುಸಲಿ ನಗು ನಿಲ್ಲಿಸಿ, ಗೋಡೆಗೆ ಮುಖ ಮಾಡಿ ಕೂತಳು. ನಾನು ಅವಳ ಬೆನ್ನು ಸವರಿದೆ.

ಅವಳಿಗೆ ಹೆಣ್ಣುಮಗು ಹುಟ್ಟಿತು. ನಾನು ಅತ್ತೆಯ ಕಾಲದ ಗಡಿಗೆ ತೊಳೆದು, ಕೇರಿ ಸುತ್ತಲು ಹೊರಟೆ. ಯಾರೂ ಇಲ್ಲ ಅನ್ನಲಿಲ್ಲ, ಅದನ್ನು ಹೇಳಲೇಬೇಕು. ಕಲ್ಲಿನಲ್ಲಿ ತಿನ್ನಬಾರದು ಅಂತ ಬರೆದಿದ್ದರೂ ಬಾಣಂತಿಗೆ ಕೊಡುವುದನ್ನು ಯಾರೂ ಬಿಟ್ಟಿರಲಿಲ್ಲ. ಸುತ್ತ ನೋಡಿ, ಮೆಲ್ಲಗೆ ತಟ್ಟಿ ಹಾಕಿದರು. ಎಲ್ಲವೂ ಟಕ್ ಅಂದವು. ಒಂದೂ ಬಾಯಿ ಬಿಟ್ಟದ್ದಿರಲಿಲ್ಲ. ಗಡಿಗೆ ತುಂಬಿತು.

ಕುದಿಸಿದೆ. ಚಿಪ್ಪುಗಳು ಒಂದೊಂದಾಗಿ ಬಾಯಿ ಬಿಟ್ಟವು. ಸೌಟು ಹಾಕಿ ತಿರುವಿದೆ, ಚಿಪ್ಪಿನ ಸದ್ದು ಬಿಟ್ಟು ಬೇರೇನೂ ಇಲ್ಲ. ಒಂದನ್ನು ತೆಗೆದು ಬೆಳಕಿಗೆ ಹಿಡಿದೆ. ಒಳಗೆ ಈರುಳ್ಳಿಯ ಒಳಸಿಪ್ಪೆಯಂಥ ತೆಳ್ಳಗಿನ ಪೊರೆ, ಸ್ವಲ್ಪ ಕೆಸರು ನೀರು. ಇನ್ನೊಂದು ತೆಗೆದೆ. ಅದೂ ಹಾಗೇ. ಕೊಳದ ನಿಂತ ನೀರಿನಲ್ಲಿ ತಿನ್ನಲು ಏನೂ ಸಿಗದೆ, ತಮ್ಮ ಮಾಂಸವನ್ನು ತಾವೇ ತಿಂದುಕೊಂಡು, ಬರೀ ಬಾಯಿ ಮುಚ್ಚುವಷ್ಟು ಜೀವ ಇಟ್ಟುಕೊಂಡಿದ್ದವು. ಗಡಿಗೆಯಲ್ಲಿದ್ದದ್ದೆಲ್ಲ ಹಾಗೇ. ಕೇರಿಯವರು ಪ್ರೀತಿಯಿಂದ ಕೊಟ್ಟದ್ದು, ತಟ್ಟಿ ಕೊಟ್ಟದ್ದು, ನಿಯಮ ತಪ್ಪದೆ ಕೊಟ್ಟದ್ದು.

ಮೆಣಸು ಹೆಚ್ಚು ಹಾಕಿ ಕುಸಲಿಗೆ ಕೊಟ್ಟೆ. ಅವಳು ಕುಡಿದು ಬಟ್ಟಲು ಕೆಳಗಿಟ್ಟಳು.

"ಅತ್ತೆ, ನೀರು ಹೆಚ್ಚಾಯ್ತಾ?" ಅಂದಳು.

"ಇಲ್ಲ" ಅಂದೆ.

ಅವಳು ಗಡಿಗೆಯೊಳಗೆ ಬಗ್ಗಿ ನೋಡಿದಳು. ಒಂದು ಚಿಪ್ಪು ಎತ್ತಿ ತಿರುಗಿಸಿದಳು. "ಇಷ್ಟು ದಿನ ನಾನು ಇದನ್ನೇ ಕೂಲಿ ಅಂತ ತಂದಿದ್ದಾ?" ಅಂದಳು.

ಹಾಲು ಬಿಗಿಯಲಿಲ್ಲ. ಗಂಜಿಯ ತಿಳಿಯಲ್ಲಿ ಬಟ್ಟೆಯ ಬತ್ತಿ ಅದ್ದಿ ಮಗುವಿನ ಬಾಯಿಗಿಟ್ಟೆವು, ಚೀಪಿತು, ಸಾಲಲಿಲ್ಲ. ಆಡಿನ ಹಾಲು ತಂದೆವು, ಕಕ್ಕಿತು. ಮೊದಲು ಊರೆಲ್ಲ ಕೇಳುವಂತೆ ಅಳುತ್ತಿದ್ದದ್ದು ಬರಬರುತ್ತ ಬೆಕ್ಕಿನ ಮರಿಯ ಹಾಗೆ ಅಳತೊಡಗಿತು. ಅಳುವ ಮಗುವಿಗೆ ನಾನು ಹೆದರುವವಳಲ್ಲ. ಅಳು ಸಣ್ಣದಾದಾಗ ಹೆದರಿದೆ.

ನಾನು ಗಡಿಗೆಯೊಳಗಿನ ಚಿಪ್ಪುಗಳನ್ನು ಮಡಿಲಿಗೆ ಕಟ್ಟಿಕೊಂಡು ಒಡೆಯನ ಮನೆಗೆ ಹೋದೆ. ಗೋಯ್ದ ಬೇಡ ಅಂದ, ಅಲ್ಲಿ ಹೋಗಿ ಏನೂ ಮಾತಾಡಬೇಡ ಅಮ್ಮ, ನಾಳೆ ನಮ್ಮ ದುಡ್ಡು ಕೊಡದೇ ಇದ್ದರೆ ಅಂದ. ಯಾವ ದುಡ್ಡು ಅಂದೆ. ಅವನು ಚಿಪ್ಪು ನೋಡಿರಲಿಲ್ಲ. ಅವನ ಅಂಗೈಯಲ್ಲಿ ಒಂದನ್ನು ಇಟ್ಟು ಹೊರಟೆ.

ಒಡೆಯ ಜಗುಲಿಯಲ್ಲಿ ಕೂತಿದ್ದ. ಪಕ್ಕದಲ್ಲಿ ತಿಮ್ಮರಸಯ್ಯನವರು. ಒಡೆಯ ಕೆಟ್ಟ ಮಾತಿನವನಲ್ಲ. "ಬನ್ನಿ ಸೋಮಕ್ಕ, ಮೊಮ್ಮಗಳಂತೆ, ಸಂತೋಷ" ಅಂದ. ನಾನು ಮಡಿಲು ಬಿಚ್ಚಿ ಚಿಪ್ಪುಗಳನ್ನು ಅವನ ಎದುರು ಸುರಿದೆ. ಅವನು ಎದ್ದು ಒಳಗೆ ಹೋಗಿ, ಕೊಳದಿಂದ ಎರಡು ಕೈ ತುಂಬ ಬಳಚು ತಂದು, ಒಂದೊಂದನ್ನೂ ತಟ್ಟಿ ತೋರಿಸಿ ನನ್ನ ಸೆರಗಿಗೆ ಹಾಕಿದ. "ನನ್ನ ಕಡೆಯಿಂದ" ಅಂದ. ನಾನು ಸೊಂಟದ ಚೂರಿ ತೆಗೆದು ಅದರಲ್ಲೊಂದನ್ನು ಬಿಡಿಸಿದೆ. ಪೊರೆ. ಇನ್ನೊಂದು. ಪೊರೆ.

"ಇದರಲ್ಲಿ ಮಾಂಸ ಇಲ್ಲ" ಅಂದೆ.

ಅವನಿಗೆ ಆಶ್ಚರ್ಯ ಆಗಲಿಲ್ಲ. ಆಶ್ಚರ್ಯ ಆಗಿದ್ದರೆ ನಾನು ಬಹುಶಃ ಅಲ್ಲಿಂದ ಎದ್ದು ಬರುತ್ತಿದ್ದೆ. ಅವನು ನನ್ನನ್ನು ಚಿಕ್ಕ ಮಗುವನ್ನು ನೋಡುವ ಹಾಗೆ ನೋಡಿದ.

"ದುಡ್ಡಿಗೆ ಮಾಂಸ ಯಾಕೆ ಸೋಮಕ್ಕ?" ಅಂದ. "ಬಾಯಿ ಮುಚ್ಚುತ್ತದಲ್ಲ. ಅಷ್ಟು ಸಾಕು."

ಅವನಿಗೆ ಗೊತ್ತಿತ್ತು. ಕೂಲಿ ಕೊಟ್ಟಾಗಲೆಲ್ಲ ಗೊತ್ತಿತ್ತು. ನಾವು ಮೈಮುರಿದು ಬಳಿದ ಕೊಬ್ಬಿದ ಬಳಚನ್ನು ಒಂದು ಕಡೆಯಿಂದ ಒಳಗೆ ಹಾಕಿಸಿಕೊಂಡು, ಇನ್ನೊಂದು ಕಡೆಯಿಂದ ಖಾಲಿ ಚಿಪ್ಪು ಎಣಿಸಿ ಕೊಡುವಾಗ ಗೊತ್ತಿತ್ತು. ಆದರೂ ಮೆತ್ತಗೆ ಕೇಳಿದೆ. ದಿಬ್ಬದಲ್ಲಿ ಒಂದು ಗಡಿಗೆಯಷ್ಟು ಹೊಸ ಬಳಚು ಬಳಿದುಕೊಳ್ಳಲು ಬಿಡಿ, ಬಾಣಂತಿಗೆ.

"ಅದು ಟಂಕಸಾಲೆ" ಅಂದ ಒಡೆಯ. "ನಿಮಗೊಬ್ಬರಿಗೆ ಬಿಟ್ಟರೆ ನಾಳೆ ಊರೇ ಬರುತ್ತದೆ."

ತಿಮ್ಮರಸಯ್ಯನವರು ಗಂಟಲು ಸರಿಮಾಡಿಕೊಂಡರು. "ನೋಡಮ್ಮ, ಇದು ನಿಮ್ಮಂಥವರಿಗೆ ಸುಲಭಕ್ಕೆ ತಿಳಿಯುವುದಲ್ಲ. ಮೂಲದಲ್ಲಿ ಆ ಮಾತಿನ ಅರ್ಥ ನಾಣ್ಯ ಅಂತಲೇ. ತಿನ್ನುವ ಅರ್ಥ ಆಮೇಲೆ ಬಂದದ್ದು, ಹಸಿದವರು ಸೇರಿಸಿದ್ದು."

"ಅಯ್ಯ, ಆ ಮಗುವಿಗೆ ಇನ್ನೂ ಮಾತೇ ಬರುವುದಿಲ್ಲ" ಅಂದೆ. "ಅದಕ್ಕೆ ಹಾಲು ಬೇಕು."

"ಭಾವನೆ ಬೇರೆ, ಅರ್ಥ ಬೇರೆ" ಅಂದರು ಅಯ್ಯನವರು.

ಒಡೆಯ ಕೊಟ್ಟ ಬಳಚನ್ನು ಜಗುಲಿಯ ಮೇಲೆ ಒಂದೊಂದಾಗಿ ಇಟ್ಟು ಬಂದೆ. ದಾರಿಯುದ್ದಕ್ಕೂ ಓಡಿದ ಹಾಗೆ ನಡೆದೆ. ಮಗುವಿನ ಯೋಚನೆ ಅಂದುಕೊಂಡೆ. ಮನೆಗೆ ಬಂದು ನೀರು ಕುಡಿದ ಮೇಲೂ ಕೂರಲಾಗಲಿಲ್ಲ, ಆಗ ತಿಳಿಯಿತು. ಇಷ್ಟು ಬಾಳಿದ ಮೇಲೆ ನನಗೆ ಸಿಟ್ಟು ಬಂದಿತ್ತು. ಗಂಡ ಹೊಡೆದಾಗ ಬಾರದ ಸಿಟ್ಟು, ದಿಬ್ಬಕ್ಕೆ ಬೇಲಿ ಹಾಕಿದಾಗ ಕುದಿದು ಕೂತಿದ್ದ ಸಿಟ್ಟು, ಎಲ್ಲ ಒಟ್ಟಿಗೆ ಬಂದಿತ್ತು. ಜಗಳ ಆಡುವುದು ಹೇಗೆ ಅಂತಲೂ ನನಗೆ ಗೊತ್ತಿರಲಿಲ್ಲ. ಗಡಿಗೆ ತೊಳೆದು ಬೋರಲು ಹಾಕಿದೆ.

ಮಾರನೇ ದಿನ ಬೆಳಗಿನ ಇಳಿತಕ್ಕೆ ಗಡಿಗೆ ಸೊಂಟಕ್ಕಿಟ್ಟುಕೊಂಡು ಬೇಲಿಯ ಬಾಗಿಲಿಗೆ ಹೋದೆ. ಕೂಲಿಯ ಹೆಂಗಸರು ಸಾಲಾಗಿ ನಿಂತಿದ್ದರು, ಸಣ್ಣಿಯೂ ಇದ್ದಳು. ಬೀರ ಕೋಲು ಅಡ್ಡ ಹಿಡಿದ.

"ದೊಡ್ಡಮ್ಮ, ನೀವು ಕೂಲಿಯವರಲ್ಲ. ಬಿಡುವ ಹಾಗಿಲ್ಲ."

"ಒಂದು ಗಡಿಗೆ ಬಳಿದುಕೊಂಡು ಹೋಗುತ್ತೇನೆ."

"ನನ್ನ ಅನ್ನ ಹೋಗ್ತದೆ ದೊಡ್ಡಮ್ಮ. ನಿಮ್ಮ ಕಾಲಿಗೆ ಬೀಳ್ತೇನೆ, ಹೋಗಿ."

"ನಿನ್ನ ಅನ್ನ ಎಲ್ಲಿದೆ ತೋರಿಸು" ಅಂದೆ.

ಅವನಿಗೆ ತಿಳಿಯಲಿಲ್ಲ. ನಾನು ಅವನ ಸೊಂಟದ ಚೀಲಕ್ಕೆ ಕೈ ಹಾಕಿ ಒಂದು ಬಳಚು ತೆಗೆದೆ. ನಿನ್ನೆಯ ಕೂಲಿ. ಕಾವಲಿಗೆ ನಿಂತದ್ದಕ್ಕೆ ಸಿಕ್ಕಿದ್ದು. ಇನ್ನೊಬ್ಬರ ದುಡ್ಡನ್ನು ಬಿಡಿಸಿ ನೋಡುವುದು ನಮ್ಮಲ್ಲಿ ಅವರ ಮುಖಕ್ಕೆ ಉಗಿದ ಹಾಗೆ. ಸಾಲಿನಲ್ಲಿದ್ದವರು ಹತ್ತಿರ ಬಂದರು. ನಾನು ಅದನ್ನು ತಟ್ಟಿದೆ, ಟಕ್ ಅಂತು. ಆಮೇಲೆ ಚೂರಿ ಹಾಕಿ ಬಿಡಿಸಿ, ಅವನ ಕಣ್ಣೆದುರು ಹಿಡಿದೆ.

ಅವನು ನೋಡಿದ. ತಾನೇ ಚೀಲದಿಂದ ಇನ್ನೊಂದು ತೆಗೆದು ಕೊಟ್ಟ. ಬಿಡಿಸಿದೆ. ಮತ್ತೊಂದು ಕೊಟ್ಟ.

"ನಿನ್ನ ಹೆಂಡತಿಗೆ ಈಗ ಎಷ್ಟು ತಿಂಗಳು ಬೀರ?" ಅಂದೆ.

ಅವನ ಹೆಂಡತಿಗೆ ತುಂಬುತ್ತ ಬಂದಿತ್ತು, ಊರಿಗೇ ಗೊತ್ತಿತ್ತು. ಹಿಂದಿನಿಂದ ಸಣ್ಣಿ, "ಚೂರಿ ಇಲ್ಲಿ ಕೊಡು ಸೋಮಕ್ಕ" ಅಂದಳು. ತನ್ನ ಚೀಲದ್ದನ್ನು ಬಿಡಿಸಿದಳು. ಅವಳ ಪಕ್ಕದವಳು ಕಲ್ಲಿಗೆ ಹೊಡೆದು ಒಡೆದಳು, ತಿನ್ನತಕ್ಕದ್ದಲ್ಲ ಅಂತ ಬರೆದಿತ್ತಲ್ಲ, ಅದೇ ಕಲ್ಲಿಗೆ. ಆಮೇಲೆ ಎಲ್ಲರೂ ಒಡೆದರು. ಯಾರೂ ಬೈಯಲಿಲ್ಲ, ಅಳಲಿಲ್ಲ. ಚಿಪ್ಪು ಒಡೆಯುವ ಸದ್ದು ಮಾತ್ರ. ತಾವು ದುಡಿದದ್ದನ್ನು ತಾವೇ ಒಡೆದು ಒಳಗೆ ನೋಡಿ ಬಿಸಾಡುತ್ತಿದ್ದರು, ಚೀಲ ಖಾಲಿಯಾಗುವ ತನಕ. ಅದರಲ್ಲಿ ಒಂದರಲ್ಲಾದರೂ ಏನಾದರೂ ಇದ್ದೀತು ಅಂತ ಕೊನೆಯದನ್ನು ಒಡೆಯುವಾಗಲೂ ಆಸೆ ಇತ್ತು.

ಬೀರ ಕೋಲನ್ನು ಬೇಲಿಗೆ ಒರಗಿಸಿ, ಪಕ್ಕಕ್ಕೆ ಸರಿದು ನಿಂತ.

ನಾನು ಕೆಸರಿಗೆ ಇಳಿದೆ. ಸೊಂಟ ಬಗ್ಗುತ್ತಿರಲಿಲ್ಲ, ಮೊಣಕಾಲೂರಿ ಬಳಿದೆ. ನನ್ನ ಗಡಿಗೆಗೆ ಹೆಂಗಸರೆಲ್ಲ ಒಂದೊಂದು ಹಾಕಿದರು, ತಟ್ಟಿ. ಕೇರಿ ಸುತ್ತುವುದು ಅಲ್ಲೇ ಮುಗಿಯಿತು. ಬೀರನೂ ಕೆಸರಿಗಿಳಿದು ಒಂದು ತಂದು ಹಾಕಿದ, ತಟ್ಟುವುದು ಮರೆತ. ಗಡಿಗೆ ಭಾರವಾಯಿತು. ಹಿಂದಿನ ಗಡಿಗೆಯೂ ಅಷ್ಟೇ ತುಂಬಿತ್ತು, ಆದರೆ ಆ ಭಾರ ಇರಲಿಲ್ಲ. ಆ ದಿನವೇ ನನಗೆ ಗೊತ್ತಾಗಬೇಕಿತ್ತು ಅಂತ ಸಣ್ಣಿ ಆಮೇಲೆ ಹಂಗಿಸಿದಳು. ಇರಬಹುದು.

ಕುಸಲಿ ಕುಡಿದಳು, ಗಡಿಗೆಯ ತಳ ಬಳಿದಳು, ಮಲಗಿದಳು. ಮಗುವನ್ನು ಅವಳ ಎದೆಗೆ ಕೊಟ್ಟೆವು. ಒಂದು ದಿನ ಏನೂ ಇಲ್ಲ. ಎರಡನೇ ದಿನ ಬೆಳಿಗ್ಗೆ ಅವಳು ಎಚ್ಚರಾಗಿ, "ಅತ್ತೆ, ರವಿಕೆ ಒದ್ದೆಯಾಗಿದೆ" ಅಂದಳು. ನಾನು ಹಿತ್ತಲಿಗೆ ಹೋಗಿ ಬಸಳೆಯ ಚಪ್ಪರದ ಕೆಳಗೆ ನಿಂತು ಅತ್ತುಬಿಟ್ಟೆ.

ಆ ಎರಡು ದಿನದೊಳಗೆ ಊರು ಕೊಳದ ಹತ್ತಿರ ಸೇರಿತ್ತು. ತಮ್ಮ ತಮ್ಮ ದುಡ್ಡು ವಾಪಸು ಕೇಳಿದರು, ಒಡೆಯ ಕೊಟ್ಟ, ಕೊಡಲೇಬೇಕಾಗಿತ್ತು. ತಗೊಂಡವರು ಅಲ್ಲೇ ಅವನ ಅಂಗಳದಲ್ಲಿ ಕೂತು ಒಡೆದರು. ಅಂಗಳದ ತುಂಬ ಚಿಪ್ಪು, ಕಾಗೆಗಳೂ ಬಂದು ನೋಡಿ ಹಾರಿಹೋದವು ಅಂತ ಗೋಯ್ದ ಹೇಳಿದ. ಅಜ್ಜನ ಹಾಗೆ ಗೋಯ್ದನೂ ಅಷ್ಟು ವರ್ಷ ದೋಣಿ ದಾಟಿಸಿ ಇಟ್ಟದ್ದೆಲ್ಲ ಅದರಲ್ಲಿತ್ತು. ಬೇಲಿಯ ಬಿದಿರು ಹಲವರ ಒಲೆಗೆ ಹೋಯಿತು. ಹಲಗೆಬಾಗಿಲನ್ನು ಯಾರೋ ಕಿತ್ತುಹಾಕಿದರು, ಕೊಳದಲ್ಲಿ ಉಳಿದದ್ದು ಹೊಳೆಗೆ ಹೋಯಿತು. ಇದೆಲ್ಲ ನಾನು ಕಣ್ಣಾರೆ ನೋಡಲಿಲ್ಲ. ಮನೆಯಲ್ಲಿ ನನಗೆ ಕುಸಲಿಯ ಬಾಣಂತನ ಇತ್ತು.

ಸರಿಯಾಯಿತಲ್ಲ ಸೋಮಕ್ಕ, ಇನ್ನೂ ಯಾಕೆ ಸಿಟ್ಟು ಅಂತ ಈಗ ಕೇಳುತ್ತಾರೆ. ಸರಿಯಾದದ್ದು ನನ್ನ ಮೊಮ್ಮಗಳಿಗೆ. ಅವಳಿಗಿಂತ ಮೊದಲು ಅದೇ ನೀರುಸಾರು ಕುಡಿದ ಬಾಣಂತಿಯರು ಇದ್ದರು. ಕೆರೆಯಾಚೆಯ ಮನೆಯ ತುಂಗೆಯ ಮಗು ಬತ್ತಿಹೋದಾಗ ದೃಷ್ಟಿ ತಾಗಿತು ಅಂತ ನಾವೇ ಹೇಳಿದ್ದೆವು. ಅವಳ ಅತ್ತೆ ಗಡಿಗೆಯೊಳಗೆ ನೋಡಲಿಲ್ಲವೋ, ನೋಡಿಯೂ ಕೇರಿಯವರು ತಟ್ಟಿ ಕೊಟ್ಟದ್ದನ್ನು ಹಳಿಯಬಾರದು ಅಂತ ಸುಮ್ಮನಾದಳೋ. ತುಂಗೆ ಈಗಲೂ ದಾರಿಯಲ್ಲಿ ಸಿಗುತ್ತಾಳೆ. ನನ್ನ ಮೊಮ್ಮಗಳ ತಲೆ ಸವರುತ್ತಾಳೆ, ಮಾತಾಡುವುದಿಲ್ಲ.

ತಿಮ್ಮರಸಯ್ಯನವರು ಕೆಲವು ತಿಂಗಳು ಬಿಟ್ಟು ನಮ್ಮ ಜಗುಲಿಗೆ ಬಂದರು. ಓಲೆಗಳನ್ನು ಮತ್ತೆ ನೋಡಿದರಂತೆ. ಬಳಿಯುವುದರಿಂದಲೇ ಬಳಚು ಎಂದು ಹೇಳಲಿಕ್ಕೆ ಆಧಾರ ಸಿಕ್ಕಿದೆಯಂತೆ. ಕಲ್ಲು ಬದಲಿಸಬೇಕು, ನಿಮ್ಮ ಅತ್ತೆ ಹೇಳಿದ್ದನ್ನು ಒಂದು ಸಲ ಸರಿಯಾಗಿ ಹೇಳಿ ಅಂದರು. ಬೇಲಿ ಇದ್ದಾಗ ಬೇಲಿಯವರ ಅರ್ಥ, ಬೇಲಿ ಹೋದಮೇಲೆ ನಮ್ಮ ಅರ್ಥ. ಅತ್ತೆಯ ಕತೆಯನ್ನು ಅವರಿಗೆ ಹೇಳಲಿಲ್ಲ. ಆ ಕಲ್ಲನ್ನು ಬದಲಿಸುವುದೂ ಬೇಡ ಅಂದೆ. ಅದರ ಮೇಲೆ ಹೆಂಗಸರು ಈಗ ಬಳಚು ಬಿಡಿಸುತ್ತಾರೆ, ಎತ್ತರ ಸರಿಯಾಗಿದೆ.

ಪದ್ಧತಿ ಒಂದು ಬದಲಾಯಿತು. ನಾನೇ ಬದಲಿಸಿದೆ. ಸಂತೆಯಲ್ಲಿ ಬಸಳೆ ಮಾರಲು ಕೂತಾಗ ಪಕ್ಕದಲ್ಲಿ ಸಣ್ಣ ಒಲೆ, ಅದರ ಮೇಲೆ ಬಿಸಿನೀರಿನ ಕುಡಿಕೆ ಇಟ್ಟುಕೊಳ್ಳುತ್ತೇನೆ. ಯಾರು ದುಡ್ಡು ಕೊಟ್ಟರೂ ಅದರಲ್ಲಿ ಒಂದನ್ನು ಕುಡಿಕೆಗೆ ಹಾಕಿ, ಬಾಯಿ ಬಿಡಿಸಿ, ಕೊಟ್ಟವರ ಎದುರಿಗೇ ನೋಡುತ್ತೇನೆ. ಮೊದಮೊದಲು ಜನಕ್ಕೆ ಅವಮಾನವಾಗುತ್ತಿತ್ತು. "ನಮ್ಮನ್ನೂ ನಂಬುವುದಿಲ್ಲವಾ?" ಅನ್ನುತ್ತಿದ್ದರು. ನಂಬುವುದಿಲ್ಲ ಅನ್ನುತ್ತಿದ್ದೆ. ಈಗ ಸಂತೆಯಲ್ಲಿ ಎಲ್ಲರ ಪಕ್ಕದಲ್ಲೂ ಒಂದೊಂದು ಕುಡಿಕೆ ಕುದಿಯುತ್ತದೆ.

ಮೊನ್ನೆ ಒಡೆಯ ಬಂದ. ಮುದುಕನಾಗಿದ್ದಾನೆ, ಎಡಗಡೆಯ ಸೊಂಟ ಒದ್ದೆ. ನನ್ನ ಮುಖ ನೋಡದೆ ಒಂದು ಕಟ್ಟು ಬಸಳೆ ತೆಗೆದುಕೊಂಡು, ಚೀಲದಿಂದ ಬಳಚು ತೆಗೆದು ತಟ್ಟಿ ಹಲಗೆಯ ಮೇಲೆ ಇಟ್ಟ. ಟಕ್ ಅಂದವು. ಒಂದನ್ನು ಕುಡಿಕೆಗೆ ಹಾಕಿದೆ. ನಾವಿಬ್ಬರೂ ನೀರು ನೋಡುತ್ತ ಕೂತೆವು. ಸುತ್ತಲಿನವರು ಕತ್ತು ಚಾಚಿದರು. ಚಿಪ್ಪು ಬಾಯಿ ಬಿಟ್ಟಿತು. ಒಳಗೆ ತುಂಬಿದ ಮಾಂಸ ಇತ್ತು, ಹಳದಿ ಬಣ್ಣದ್ದು, ಒಳ್ಳೆಯದು.

ಬೇರೆಯವರದಾದರೆ ಅದನ್ನು ನಾನು ತಿನ್ನುತ್ತೇನೆ, ಅದೇ ರೂಢಿ. ಅವನದನ್ನು ಚಮಚದಲ್ಲಿ ತೆಗೆದು ಅವನ ಮುಂದೆ ಹಿಡಿದೆ.

"ತಿನ್ನು" ಅಂದೆ.

"ನನಗೆ ಬೇಡ ಸೋಮಕ್ಕ. ವ್ಯಾಪಾರ ಮುಗಿಸಿ."

"ತಿಂದ ಮೇಲೆ ವ್ಯಾಪಾರ."

ಅವನು ಆಚೀಚೆ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಚಿಪ್ಪನ್ನು ಎತ್ತಿ ಬಾಯಿಗಿಟ್ಟ, ಅಗಿದ, ನುಂಗಿದ. ಖಾಲಿ ಚಿಪ್ಪನ್ನು ಕೆಳಗಿಡಲು ಹೋದ. ನಾನು ಇನ್ನೂ ನೋಡುತ್ತಲೇ ಇದ್ದೆ. ಅವನ ಕೈ ಅರ್ಧದಲ್ಲಿ ನಿಂತಿತು. ಆಮೇಲೆ ಅವನು ಹೆಬ್ಬೆರಳಿನಿಂದ ಚಿಪ್ಪಿನ ಒಳಗನ್ನು ಮೆಲ್ಲಗೆ ಬಳಿದು, ಬೆರಳನ್ನು ನೆಕ್ಕಿದ.

ನಾನು ಬಸಳೆಯ ಕಟ್ಟನ್ನು ಅವನ ಕಡೆ ತಳ್ಳಿದೆ.